ಡಿಫರೆನ್ಸ್ ಬಚ್ಚಿಡದೆ ಸೈಟ್ ಅಗ್ರಿಮೆಂಟ್: ಮೈಸೂರಿನಲ್ಲಿ ನನ್ನ ಅನುಭವ

ಮಾರುವವರಿಗೆ ನಮ್ಮ ಡಿಫರೆನ್ಸ್ (ಅವರು ಹೇಳಿದ ರೇಟಿನ ಮೇಲೆ ನಮಗೆ ಉಳಿಯುವ ದುಡ್ಡು) ಗೊತ್ತಾದರೆ ವ್ಯಾಪಾರ ಅಲ್ಲೇ ಮುರಿಯುತ್ತೆ ಅಂತ ಮೈಸೂರಿನ ಬ್ರೋಕರ್‌ಗಳೆಲ್ಲ ನನಗೆ ಹೇಳಿದ್ದರು. ನಾನು ಹೇಳಿಯೇ ಮಾಡುತ್ತಿದ್ದೇನೆ, ಚೆನ್ನಾಗಿಯೇ ನಡೆಯುತ್ತಿದೆ. ಸೈಟಿಗೆ ಅಗ್ರಿಮೆಂಟ್ ಹಾಕಿಕೊಳ್ಳೋದು, ಅವಧಿಯೊಳಗೆ ಬೇರೆ ಪಾರ್ಟಿಗೆ, ಅಂದರೆ ಕೊಳ್ಳುವವರಿಗೆ, ಕೊಡಿಸೋದು, ನನ್ನ ಪಾಲನ್ನು ಎಲ್ಲರೆದುರು ಚೆಕ್‌ನಲ್ಲಿ ತಗೊಳ್ಳೋದು. ಆಗ ನಕ್ಕವರಲ್ಲಿ ಕೆಲವರು ಈಗ ನನ್ನ ಕರಾರಿನ ನಕಲು ಕೇಳುತ್ತಾರೆ.

ಬಚ್ಚಿಟ್ಟರೆ ಏನಾಗುತ್ತೆ ಅಂತ ದಟ್ಟಗಳ್ಳಿಯ ಒಂದು 30×40 ತೋರಿಸಿಕೊಟ್ಟಿತು. ಬರೀ ಬಾಂಡ್ ಪೇಪರ್ ಮೇಲಿನ ಅಗ್ರಿಮೆಂಟ್, 1 ಲಕ್ಷ ಅಡ್ವಾನ್ಸ್. ಇನ್ನೊಬ್ಬ ಬ್ರೋಕರ್ ಪಾರ್ಟಿ ಕರೆತಂದರು. ಸೈಟ್ ನೋಡುವಾಗಲೇ ಪಾರ್ಟಿಯೂ ಓನರ್ ತಮ್ಮನೂ ನಂಬರ್ ಬದಲಾಯಿಸಿಕೊಂಡರು. ಸ್ವಲ್ಪ ದಿನದಲ್ಲೇ ಅವರವರೇ ರಿಜಿಸ್ಟರ್ ಮಾಡಿಸಿಕೊಂಡರು. ಅಡ್ವಾನ್ಸ್ ವಾಪಸ್ ಬಂತು. ವಕೀಲರು, ಇಸಿ (ಋಣಭಾರ ಪತ್ರ), ಅಳತೆ, ಓಡಾಟ ಅಂತ ಸುಮಾರು 40 ಸಾವಿರ ಹೋಯಿತು. ಕೇಸ್ ಹಾಕಿ ಅಂದರು. ಆ ದುಡ್ಡಿಗೆ ಕೋರ್ಟ್ ಅಲೆಯೋದು ಯಾರಿಗೆ ಬೇಕು?

ಆಮೇಲೆ ಎರಡು ನಿಯಮ ಮಾಡಿಕೊಂಡೆ. ಅಗ್ರಿಮೆಂಟ್ ರಿಜಿಸ್ಟರ್ ಆಗಲೇಬೇಕು. ಡಿಫರೆನ್ಸ್ ಮೊದಲ ಮಾತುಕತೆಯಲ್ಲೇ ಹೇಳಬೇಕು.

ರಿಜಿಸ್ಟರ್ ಆದರೆ ಇಸಿಯ ಫಾರಂ 15ರಲ್ಲಿ, ಅಂದರೆ ಆ ಸೈಟಿನ ಮೇಲೆ ರಿಜಿಸ್ಟರ್ ಆದ ಪತ್ರಗಳ ಪಟ್ಟಿಯಲ್ಲಿ, ನನ್ನ ಹೆಸರು ಬರುತ್ತೆ. ನನ್ನನ್ನು ಬಿಟ್ಟು ಹೋಗೋಣ ಅಂದರೂ ಕೊಳ್ಳುವವರ ವಕೀಲರೇ ತಡೆಯುತ್ತಾರೆ. ಮಾರುವವರಿಗೂ ಭಯ ಇರುತ್ತೆ: ಅವಧಿ ಮುಗಿದ ಮೇಲೂ ಇಸಿಯಲ್ಲಿ ಈ ಹೆಸರು ಕೂತುಬಿಟ್ಟರೆ? ಭಯ ಸರಿಯಾದದ್ದೇ. ಅದಕ್ಕೇ 90 ದಿನ ಅಂತ ಬರೆಸುತ್ತೇನೆ. ಪಾರ್ಟಿ ಸಿಗದಿದ್ದರೆ ನನ್ನ ಖರ್ಚಿನಲ್ಲೇ ಬಂದು ರದ್ದು ಪತ್ರಕ್ಕೆ ಸಹಿ ಹಾಕಬೇಕು ಅಂತಲೂ ಬರೆಸುತ್ತೇನೆ. ಹಾಗೆ ಹೋಗಿ ಸಹಿ ಹಾಕಿದ್ದೂ ಇದೆ. ಅದನ್ನು ನೋಡಿದ ಓನರ್ ಒಬ್ಬರು ತಮ್ಮ ಭಾವಮೈದನ ಸೈಟ್ ತಂದುಕೊಟ್ಟರು. ಅಗ್ರಿಮೆಂಟಿನಲ್ಲಿ ‘ನಾನು ಸೂಚಿಸಿದವರ ಹೆಸರಿಗೆ ಕ್ರಯ’ ಎನ್ನುವ ಷರತ್ತೂ ಇರುತ್ತೆ, ಅಂದರೆ ಮಾರುವವರು ನಾನು ತೋರಿಸಿದ ಪಾರ್ಟಿಗೆ ನೇರವಾಗಿ ಬರೆದುಕೊಡಬೇಕು. ಅದರ ಕೆಳಗೆ ನಮ್ಮ ಪತ್ರ ಬರಹಗಾರರು ಸೇರಿಸುವ ಎರಡು ಸಾಲಿನ ಒಕ್ಕಣೆ ಮಾತ್ರ ಇಲ್ಲಿ ಬರೆಯಲ್ಲ.

ಮಾತು ಹೀಗೆ ಶುರು ಮಾಡುತ್ತೇನೆ: “ಸಾರ್, ನಿಮಗೆ ಕೈಗೆ 46 ಲಕ್ಷ ಬರಬೇಕು ಅಂದ್ರಿ. ಅದರಲ್ಲಿ ಒಂದು ರೂಪಾಯಿ ಕಮ್ಮಿ ಆಗಲ್ಲ. ಮೇಲೆ ಮೂರೋ ನಾಲ್ಕೋ ಲಕ್ಷ ಬಂದರೆ ಅದು ನನ್ನದು. ಬ್ರೋಕರ್ ಕಮಿಷನ್ನೂ ಅದರಲ್ಲೇ.” ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಉಳಿದವರು ಕೊನೇವರೆಗೂ ಮಾತು ತಪ್ಪಲ್ಲ. ಬೋಗಾದಿ ಕಡೆಯ ಆ 46 ಲಕ್ಷದ ಸೈಟಿನ ಓನರ್ ಬ್ಯಾಂಕಿನಿಂದ ರಿಟೈರ್ ಆದವರು. “ಮೊದಲೇ ಹೇಳಿದ್ರಲ್ಲಪ್ಪ, ಸಾಕು” ಅಂದರು. ಸೈಟ್ 49 ಲಕ್ಷ ಚಿಲ್ಲರೆಗೆ ಹೋಯಿತು. ಕ್ರಯಪತ್ರಕ್ಕೆ ನಾನು ಒಪ್ಪಿಗೆದಾರನಾಗಿ, ಅಂದರೆ ಈ ಮಾರಾಟಕ್ಕೆ ನನ್ನ ತಕರಾರಿಲ್ಲ ಅಂತ, ಸಹಿ ಹಾಕಿದೆ. ಯಾರಿಗೆ ಎಷ್ಟು ಅಂತ ಪತ್ರದಲ್ಲಿ ಬೇರೆ ಬೇರೆ ಬರೆಸಿ. ಇಲ್ಲದಿದ್ದರೆ ನಿಮ್ಮ ಲಾಭದ ತೆರಿಗೆಯೂ ಮಾರುವವರ ತಲೆ ಮೇಲೆ ಬರುತ್ತೆ. ಮೊತ್ತ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಕೊಡುವ ದುಡ್ಡಿನಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಇದೆ ಅಂತ ಕೊಳ್ಳುವವರಿಗೂ ಮೊದಲೇ ತಿಳಿಸಿ. ಓನರ್ ಅಮೆರಿಕದಲ್ಲಿದ್ದರೆ ಆ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಕೂರಲೇಬೇಕು.

ಜಾಸ್ತಿ ದುಡ್ಡು ಸಿಕ್ಕಿಹಾಕಿಕೊಂಡಿದ್ದು ಶ್ರೀರಾಂಪುರದಲ್ಲಿ. ತಂದೆ ಕೊಂಡ ಸೈಟ್, ವಿಲ್ ಇಲ್ಲ, ಇಬ್ಬರು ಗಂಡುಮಕ್ಕಳು ಸಹಿಗೆ ತಯಾರು. ವಂಶವೃಕ್ಷದಲ್ಲೂ ಅವರಿಬ್ಬರು, ತಾಯಿ, ಅಷ್ಟೇ. ಅಡ್ವಾನ್ಸ್ 2 ಲಕ್ಷ ಕೊಟ್ಟ ಮೇಲೆ ಮಂಡ್ಯಕ್ಕೆ ಕೊಟ್ಟ ತಂಗಿಯಿಂದ ವಕೀಲರ ನೋಟಿಸ್ ಬಂತು. ವಿಲ್ ಇಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು 1956ರ ಕಾನೂನಿನಿಂದಲೇ ಇದೆ. 2005ರ ತಿದ್ದುಪಡಿ ಬಂದದ್ದು ಪಿತ್ರಾರ್ಜಿತಕ್ಕೆ. ಅಣ್ಣಂದಿರು ಎರಡನ್ನೂ ಸೇರಿಸಿಕೊಂಡು “ಅವಳ ಮದುವೆ ಹಳೇದು, ಪಾಲು ಬರಲ್ಲ” ಅನ್ನುತ್ತಿದ್ದರು. ದುಡ್ಡು ಹತ್ತಿಪ್ಪತ್ತು ಸಾವಿರದ ಹಾಗೆ ವಾಪಸ್ ಬರಲು ಒಂದೂವರೆ ವರ್ಷ ಹಿಡಿಯಿತು. ಈಗ ಅಂಥ ಆಸ್ತಿ ಬಂದರೆ ಮೊದಲು ಹೆಣ್ಣುಮಕ್ಕಳ ಮನೆಗೇ ಹೋಗುತ್ತೇನೆ. “ಅಕ್ಕ, ಅಣ್ಣಂದಿರು ಹೇಳಿದ ರೇಟ್ ನಿಮಗೆ ಒಪ್ಪಿಗೆನಾ?” ಅಂತ ಕೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಅವರನ್ನು ಯಾರೂ ಕೇಳಿಯೇ ಇರಲ್ಲ. ಕೇಳಿದರೆ ಸಹಿ ತಾನಾಗಿ ಬರುತ್ತೆ.

ಬ್ರೋಕರ್‌ಗಳ ವಿಷಯ. ನನ್ನ ಡಿಫರೆನ್ಸ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಪಾರ್ಟಿ ತಂದವರಿಗೆ. ಬರೆದುಕೊಡುತ್ತೇನೆ. ಸಬ್‌ರಿಜಿಸ್ಟ್ರಾರ್ ಆಫೀಸಿಂದ ಹೊರಗೆ ಬಂದ ತಕ್ಷಣ ಕೊಡುತ್ತೇನೆ, “ನಾಳೆ ಬಾ” ಅನ್ನಲ್ಲ. ಮಾರುಕಟ್ಟೆಗೆ ಬರುವ ಮೊದಲೇ ಸೈಟ್ ನನಗೆ ಗೊತ್ತಾಗೋದು ಇದರಿಂದಲೇ.

ಪೇಪರ್ ಒಳಗೆ ಪಾಂಪ್ಲೆಟ್ ಹಾಕಿಸಿಯೂ ನೋಡಿದೆ. ಹತ್ತು ಹನ್ನೆರಡು ಸಾವಿರ ಖರ್ಚು. ಫೋನ್ ಮಾಡಿದ್ದು ಬ್ರೋಕರ್‌ಗಳೇ. ಗದ್ದೆಯನ್ನೂ ನೋಡಿದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಭೂ ಸುಧಾರಣಾ ಕಾಯ್ದೆಯಲ್ಲಿ ಇದ್ದ 79ಎ, 79ಬಿ ಅಡ್ಡಿ 2020ರಲ್ಲಿ ಹೋಯಿತು. 2023ರಲ್ಲಿ ಬೆಂಗಳೂರು ಹೆದ್ದಾರಿ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ ಕಡೆ ಗುಂಟೆ ಲೆಕ್ಕದಲ್ಲಿ ಕೇಳುವವರು ಬಂದರು ಅಂತ ನಾನೂ ಅಲ್ಲಿಗೆ ಕೈ ಹಾಕಿದೆ. ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿಲ್ಲ, ಪಹಣಿಯಲ್ಲಿ ಹತ್ತು ಹೆಸರು, ಕೆಲವು ಕಡೆ ಪಿಟಿಸಿಎಲ್ ಮಂಜೂರಾತಿ ಜಮೀನು (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟದ್ದು, ಅನುಮತಿ ಇಲ್ಲದೆ ಮಾರುವಂತಿಲ್ಲ). 90 ದಿನದಲ್ಲಿ ಪೇಪರ್ ಜೋಡಿಸೋಕೇ ಆಗಲ್ಲ. ಗದ್ದೆ ಬಿಟ್ಟು ಸೈಟಿಗೇ ನಿಂತೆ.

ಆಷಾಢದಲ್ಲಿ ಯಾರೂ ರಿಜಿಸ್ಟರ್‌ಗೆ ಬರಲ್ಲ, ಬ್ರೋಕರ್‌ಗಳು ಸುಮ್ನೆ ಕೂತಿರುತ್ತಾರೆ. ನಾನು ಆ ತಿಂಗಳು ಇ-ಖಾತೆ, ಇಸಿ, ಕಂದಾಯ ರಸೀದಿ ಎಲ್ಲ ತಿರುವಿಹಾಕಿ, ರೇಟ್ ಮಾತಾಡಿ ಮುಗಿಸಿರುತ್ತೇನೆ. ಶ್ರಾವಣದ ಮೊದಲ ವಾರ ಅಗ್ರಿಮೆಂಟ್. ಗೌರಿ ಹಬ್ಬ, ದಸರಾಕ್ಕೆ ಊರಿಗೆ ಬರುವವರು ಸೈಟ್ ನೋಡುತ್ತಾರೆ. ಆ 90 ದಿನದ ಒಳಗೆ ಕ್ರಯ ಮುಗಿಯುತ್ತೆ. ವರ್ಷದ ನನ್ನ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಅಲ್ಲಿಂದಲೇ.