ಅರ್ಧ ನೂಲಿನ ಲೆಕ್ಕ: ತಗಡಿನ ಮಾರ್ಟಿನ್ ಮನೆಗೆ ಹೊಸ ಬಾಗಿಲು ಕತ್ತರಿಸುವುದು ಹೇಗೆ?

ಪರ್ಪಲ್ ಮಾರ್ಟಿನ್ ಉತ್ತರ ಅಮೆರಿಕದ ಸ್ವಾಲೋ ಹಕ್ಕಿಗಳಲ್ಲೇ ದೊಡ್ಡದು. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು, ಮರಿ ಮಾಡಲು ಉತ್ತರಕ್ಕೆ ಬರುತ್ತದೆ. ಒಂದು ಕಾಲಕ್ಕೆ ಮರದ ಪೊಟರೆಯಲ್ಲಿ ಗೂಡು ಮಾಡುತ್ತಿದ್ದ ಈ ಹಕ್ಕಿಗೆ ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿ ಜನ ಟೊಳ್ಳು ಮಾಡಿದ ಸೋರೆಬುರುಡೆ ಕಟ್ಟಿಕೊಡುತ್ತಿದ್ದರು. ರಾಕಿ ಪರ್ವತಗಳಿಂದ ಪೂರ್ವಕ್ಕಿರುವ ಮಾರ್ಟಿನ್‌ಗಳು ಈಗ ಹೆಚ್ಚೂಕಡಿಮೆ ಪೂರ್ತಿಯಾಗಿ ಮನುಷ್ಯ ಕೊಟ್ಟ ಮನೆಯನ್ನೇ ನೆಚ್ಚಿಕೊಂಡಿವೆ. ಅಲ್ಲಿ ನೆಲೆಸಿದ ಕನ್ನಡಿಗರು ಹಳೆಯ ಮನೆ ಕೊಂಡಾಗ ಹಿತ್ತಲಲ್ಲಿ ಕಂಬದ ಮೇಲೆ ಬಿಳಿ ಅಲ್ಯೂಮಿನಿಯಂ ಹಕ್ಕಿಮನೆಯೊಂದು ನಿಂತಿದ್ದರೆ ಅದು ಬಹುಶಃ ಇವುಗಳದ್ದೇ. 1960ರ ದಶಕದಲ್ಲಿ ಇಲಿನಾಯ್ಸ್ ರಾಜ್ಯದ ಗ್ರಿಗ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಜೆ.ಎಲ್. ವೇಡ್ ಎಂಬುವರು ಇಂಥ ತಗಡಿನ ಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಆ ಬಗೆಯ ಮನೆಗಳು ಇವತ್ತಿಗೂ ಸಾವಿರಾರು ಹಿತ್ತಲುಗಳಲ್ಲಿವೆ.

ಮನೆ ಗಟ್ಟಿಯಾಗಿಯೇ ಇರುತ್ತದೆ. ತೊಂದರೆ ಅದರ ಬಾಗಿಲಲ್ಲಿ.

ಹಳೆಯ ಮನೆಗಳ ಬಾಗಿಲು ಸುಮಾರು 2 1/8 ಇಂಚು ವ್ಯಾಸದ ದುಂಡು ತೂತು. ಮಾರ್ಟಿನ್‌ಗೆ ಅದು ಸಲೀಸು, ಸ್ಟಾರ್ಲಿಂಗ್‌ಗೂ ಅಷ್ಟೇ ಸಲೀಸು. ಸ್ಟಾರ್ಲಿಂಗ್ ನಮ್ಮ ಗೊರವಂಕದ ದಾಯಾದಿ, ಜಗಳಗಂಟಿತನದಲ್ಲಿ ಅದಕ್ಕಿಂತ ಒಂದು ಕೈ ಮೇಲು. ಯುರೋಪಿನ ಈ ಹಕ್ಕಿಯನ್ನು 1890 ಮತ್ತು 1891ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಯೂಜೀನ್ ಶೀಫೆಲಿನ್ ತಂದು ಬಿಟ್ಟರು. ಈಗ ಅದು ಖಂಡದ ತುಂಬ ಹಬ್ಬಿದೆ. ಕೋಣೆಗೆ ನುಗ್ಗಿತೆಂದರೆ ಮೊಟ್ಟೆ ಒಡೆಯುತ್ತದೆ, ಮರಿಗಳನ್ನು ಕುಕ್ಕುತ್ತದೆ, ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ದೊಡ್ಡ ಮಾರ್ಟಿನ್‌ಅನ್ನೂ ಕೊಲ್ಲುತ್ತದೆ. ಇದಕ್ಕೆ ಪರಿಹಾರವಾಗಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಚಾರ್ಲ್ಸ್ ಮೆಕ್‌ಯೂವನ್ ರೂಪಿಸಿದ್ದೇ ಅರ್ಧಚಂದ್ರದ ಬಾಗಿಲು. ಕರ್ಜಿಕಾಯಿಯನ್ನು ನೇರ ಅಂಚು ಕೆಳಗೆ ಬರುವಂತೆ ನಿಲ್ಲಿಸಿದರೆ ಹೇಗೆ ಕಾಣುತ್ತದೋ ಹಾಗೆ.

ಅಳತೆ ಎರಡೇ, ಎರಡೂ ತಪ್ಪಬಾರದು

ಮೊದಲನೆಯದು ಎತ್ತರ. ಬಾಗಿಲಿನ ಅಗಲ 3 ಇಂಚು, ಎತ್ತರ 1 3/16 ಇಂಚು, ಅಂದರೆ 30 ಮಿ.ಮೀ. ಬಡಗಿಗಳ ಲೆಕ್ಕದಲ್ಲಿ ಒಂದು ಇಂಚು ಒಂದೂವರೆ ನೂಲು (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ). ಅಗಲ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದರೆ ಏನೂ ಆಗದು. ಎತ್ತರದಲ್ಲಿ ಮಾತ್ರ ಆ ಸಲಿಗೆ ಇಲ್ಲ. ಒಂದು ಇಂಚು ಎರಡು ನೂಲು ಆಯಿತೋ, ಸ್ಟಾರ್ಲಿಂಗ್ ನುಗ್ಗತೊಡಗುತ್ತದೆ. ಒಂದು ಇಂಚು ಒಂದು ನೂಲಿಗೆ ಇಳಿಯಿತೋ, ಮಾರ್ಟಿನ್ ಪರದಾಡುತ್ತದೆ. ಅತ್ತ ಅರ್ಧ ನೂಲು, ಇತ್ತ ಅರ್ಧ ನೂಲು, ಅಷ್ಟೇ ಜಾಗ.

ಎರಡನೆಯದು ಬಾಗಿಲು ಕೂರುವ ಜಾಗ. ಹೆಚ್ಚಿನವರು ಎಡವುವುದು ಇಲ್ಲಿ. ಬಾಗಿಲಿನ ಕೆಳ ಅಂಚು ಹೊರಗಿನ ಜಗಲಿಯ ನೆಲಕ್ಕೆ ಸಮವಾಗಿರಬೇಕು, ಹೆಚ್ಚೆಂದರೆ ಅರ್ಧ ಇಂಚು ಮೇಲಿರಬಹುದು. ಮಾರ್ಟಿನ್‌ನ ಕಾಲು ಗಿಡ್ಡ. ಹೊಟ್ಟೆಯನ್ನು ನೆಲಕ್ಕೆ ಒತ್ತಿ ತೆವಳಿಕೊಂಡು ಒಳಗೆ ಹೋಗಬಲ್ಲದು. ಸ್ಟಾರ್ಲಿಂಗ್‌ನ ಕಾಲು ಉದ್ದ, ಎದೆ ದಪ್ಪ. ಅದು ನಿಂತಲ್ಲಿಂದ ತಲೆ ತೂರಿಸಬಹುದು, ಎದೆ ತೂರಿಸಲಾಗದು. ಕುಗ್ಗಿ ಕೂತರೆ ಕಾಲಿಗೆ ಒತ್ತು ಸಿಗದು. ಇದೇ ಬಾಗಿಲನ್ನು ಎರಡು ಇಂಚು ಮೇಲೆ ಕೊರೆದರೆ ಸ್ಟಾರ್ಲಿಂಗ್ ಅಂಚು ಹಿಡಿದು ಜೋತು, ಮೈ ಓರೆ ಮಾಡಿ ಒಳಗೆ ಜಾರಿಕೊಳ್ಳುತ್ತದೆ. ಎತ್ತರದ ಅಳತೆ ಕರಾರುವಾಕ್ಕಾಗಿದ್ದೂ ಕೆಲಸ ಕೆಟ್ಟಿದ್ದರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಸರಿಯಾಗಿ ಮಾಡಿದ ಬಾಗಿಲಲ್ಲೂ ಸಣ್ಣ ಮೈಕಟ್ಟಿನ ಒಂದೋ ಎರಡೋ ಸ್ಟಾರ್ಲಿಂಗ್ ನುಸುಳಬಹುದು. ಇದು ತಡೆ, ಕೋಟೆಯಲ್ಲ.

ಹಕ್ಕಿ ಇಲ್ಲದಾಗ ಕೆಲಸ

ಮಾರ್ಟಿನ್‌ಗಳು ಫ್ಲಾರಿಡಾಕ್ಕೆ ಜನವರಿಯಲ್ಲೇ ಬರತೊಡಗುತ್ತವೆ, ಟೆಕ್ಸಾಸಿಗೆ ಫೆಬ್ರುವರಿ ಹೊತ್ತಿಗೆ, ಉತ್ತರದ ರಾಜ್ಯಗಳಿಗೆ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲೇ ಕತ್ತರಿಸುವ ಕೆಲಸವೆಲ್ಲ ಮುಗಿದಿರಬೇಕು. ಮನೆಯನ್ನು ಕಂಬದಿಂದ ಇಳಿಸಿ, ಬಾಗಿಲುತಗಡುಗಳನ್ನು ಬಿಚ್ಚಿ, ಒಳಗಿನ ಹಳೆ ಹುಲ್ಲು, ಎಲೆ, ಒಣಮಣ್ಣು ತೆಗೆದು ತೊಳೆದು ಒಣಗಿಸಿ. ಹಳೆಯ ಗೂಡಿನ ಧೂಳು ಉಸಿರಿಗೆ ಒಳ್ಳೆಯದಲ್ಲ, ಮೊದಲು ನೀರು ಚಿಮುಕಿಸಿ, ಮುಖಗವಸು ಹಾಕಿಕೊಳ್ಳಿ.

ಬೇಕಾದದ್ದು: 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು (ಪ್ರತಿ ಬಾಗಿಲಿಗೆ ಸುಮಾರು 5 ಇಂಚು ಚೌಕ), ಕೈವಾರ, ಗೀಚುಮೊಳೆ, ತಗಡು ಕತ್ತರಿ, ಡ್ರಿಲ್, ಇಂಚಿಗೆ 24 ಹಲ್ಲಿಗಿಂತ ಕಡಿಮೆಯಿಲ್ಲದ ಅಲಗಿನ ಜಿಗ್ ಸಾ, ಅರೆದುಂಡು ಅರ, ಎಮರಿ ಕಾಗದ, 1/8 ಇಂಚಿನ ಅಲ್ಯೂಮಿನಿಯಂ ಪಾಪ್ ರಿವೆಟ್ ಮತ್ತು ಅದರ ಗನ್. ಕಬ್ಬಿಣದ ರಿವೆಟ್ ಬೇಡ. ಮಳೆನೀರಿನಲ್ಲಿ ಎರಡು ಲೋಹ ಕೂಡಿದರೆ ಸುತ್ತಲಿನ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಗುರುತು ಹಾಕುವುದು

ಅರ್ಧಚಂದ್ರ ಎಂದ ಕೂಡಲೇ 3 ಇಂಚು ವ್ಯಾಸದ ವೃತ್ತದ ಅರ್ಧ ಕತ್ತರಿಸಿಬಿಡುವವರಿದ್ದಾರೆ. ಅದರ ಎತ್ತರ ಒಂದೂವರೆ ಇಂಚು, ಸ್ಟಾರ್ಲಿಂಗ್‌ಗೆ ಹೆಬ್ಬಾಗಿಲು. ಸರಿಯಾದ ಗೆರೆ ಹೀಗೆ: ತಗಡಿನ ಮೇಲೆ 76 ಮಿ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಅದರ ನಡುಬಿಂದುವಿನಿಂದ ನೇರ ಕೆಳಗೆ 9 ಮಿ.ಮೀ. ದೂರದಲ್ಲಿ ಚುಕ್ಕೆ ಇಡಿ. ಕೈವಾರದ ಮುಳ್ಳನ್ನು ಆ ಚುಕ್ಕೆಯಲ್ಲಿ ಊರಿ, 39 ಮಿ.ಮೀ. ಅಗಲಿಸಿ, ಗೆರೆಯ ಒಂದು ತುದಿಯಿಂದ ಇನ್ನೊಂದಕ್ಕೆ ಕಮಾನು ಎಳೆಯಿರಿ. ನಡುಮಧ್ಯದಲ್ಲಿ ಎತ್ತರ 30 ಮಿ.ಮೀ. ಬಂದೇ ಬರುತ್ತದೆ. ಒಂದು ತಗಡಿನಲ್ಲಿ ಚೆನ್ನಾಗಿ ಮಾಡಿ ಅದನ್ನೇ ಅಚ್ಚಾಗಿ ಇಟ್ಟುಕೊಂಡರೆ ಉಳಿದವು ಬೇಗ ಆಗುತ್ತವೆ.

ಒಂದು ಅಳತೆಕಡ್ಡಿಯೂ ಇರಲಿ: ಗಟ್ಟಿ ಮರದ ಚೂರಿನ ಒಂದು ತುದಿಯನ್ನು 30 ಮಿ.ಮೀ.ಗೆ, ಇನ್ನೊಂದನ್ನು 31ಕ್ಕೆ ಉಜ್ಜಿಡಿ. ಮೊದಲ ತುದಿ ಬಾಗಿಲಿನ ನಡುವೆ ತೂರಬೇಕು, ಎರಡನೆಯದು ತೂರಬಾರದು. ಹತ್ತು ಹನ್ನೆರಡು ಬಾಗಿಲು ಮಾಡುವಾಗ ಸ್ಕೇಲು ಹಿಡಿದು ಕಣ್ಣು ಕಿರಿದು ಮಾಡುವುದಕ್ಕಿಂತ ಇದು ನಂಬಿಕೆಯದ್ದು.

ಕತ್ತರಿಸುವುದು

ತೆಳು ತಗಡನ್ನು ಒಂಟಿಯಾಗಿ ಹಿಡಿದು ಜಿಗ್ ಸಾ ಓಡಿಸಿದರೆ ಅದು ಅದುರಿ ಹರಿಯುತ್ತದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ತಗಡನ್ನಿಟ್ಟು ಕ್ಲಾಂಪಿನಿಂದ ಬಿಗಿಯಿರಿ; ಗೆರೆಯನ್ನು ಮೇಲಿನ ಹಲಗೆಗೆ ಮತ್ತೆ ಎಳೆದುಕೊಳ್ಳಿ. ಗೆರೆಯ ಒಳಬದಿಯಲ್ಲಿ, ಎರಡು ಮೂಲೆಗೆ ಹತ್ತಿರ, ಅಲಗು ಇಳಿಯುವಷ್ಟು ತೂತು ಕೊರೆಯಿರಿ. ಅಲಗಿಗೆ ಮೇಣ ಸವರಿ. ಇಲ್ಲದಿದ್ದರೆ ಮೆತ್ತಗಿನ ಅಲ್ಯೂಮಿನಿಯಂ ಹಲ್ಲಿನ ಸಂದಿಗೆ ಮೆತ್ತಿಕೊಂಡು ಅಲಗು ಕತ್ತರಿಸುವ ಬದಲು ಕಿತ್ತುಹಾಕುತ್ತದೆ. ಗೆರೆಗಿಂತ 1 ಮಿ.ಮೀ. ಒಳಗೇ ಕತ್ತರಿಸಿ, ಉಳಿದದ್ದನ್ನು ಅರದಿಂದ ತೆಗೆಯಿರಿ. ಕಡಿಮೆ ತೆಗೆದದ್ದನ್ನು ಮತ್ತೆ ತೆಗೆಯಬಹುದು, ಹೆಚ್ಚು ತೆಗೆದದ್ದನ್ನು ಅಂಟಿಸಲಾಗದು.

ಅಂಚು ಉಜ್ಜುವುದಕ್ಕೆ ಬೇಸರ ಪಡಬೇಡಿ. ಹಕ್ಕಿ ದಿನಕ್ಕೆ ಹತ್ತಾರು ಸಲ ಎದೆ, ಬೆನ್ನು ಎರಡೂ ತಾಗಿಸಿಕೊಂಡೇ ಇದರಲ್ಲಿ ತೂರುತ್ತದೆ. ಎರಡೂ ಬದಿಯಲ್ಲಿ ಅರ, ಆಮೇಲೆ ಎಮರಿ. ಕೊನೆಗೆ ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಎಳೆದು ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಮುಳ್ಳಿದೆ. ಉಜ್ಜಿದ ಮೇಲೆ ಅಳತೆಕಡ್ಡಿಯನ್ನು ಮತ್ತೊಮ್ಮೆ ತೂರಿಸುವುದು ಮರೆಯಬೇಡಿ.

ಜಿಗ್ ಸಾ ಹಿಡಿದು ರೂಢಿಯಿಲ್ಲದವರಿಗೆ ಒಂದು ಉಪಾಯ: 3 ಇಂಚಿನ ಹೋಲ್ ಸಾ ಇದ್ದರೆ ತಗಡಿನಲ್ಲಿ ಪೂರ್ತಿ ವೃತ್ತ ಕೊರೆದು, ವೃತ್ತದ ನಡುಬಿಂದುವಿಗಿಂತ 8 ಮಿ.ಮೀ. ಮೇಲೆ ತಗಡನ್ನು ಅಡ್ಡಲಾಗಿ ಕತ್ತರಿಸಿ. ಕೆಳಗೆ ತೆರೆದ ಕಮಾನು ಸಿಗುತ್ತದೆ, ಎತ್ತರ 30 ಮಿ.ಮೀ. ಅಗಲ ಒಂದೂವರೆ ಮಿ.ಮೀ.ಯಷ್ಟು ಕಡಿಮೆ ಬರುತ್ತದೆ, ಚಿಂತೆಯಿಲ್ಲ. ಇದನ್ನು ನೇರ ಜಗಲಿಯ ಮೇಲೆ ನಿಲ್ಲಿಸಿದರೆ ಜಗಲಿಯೇ ಹೊಸ್ತಿಲು.

ಕೂರಿಸುವುದು

ಹಳೆಯ ಬಾಗಿಲುತಗಡಿನಲ್ಲೇ ಅರ್ಧಚಂದ್ರ ಕೊರೆಯಲು ಹೋದರೆ ದುಂಡು ತೂತಿನ ಮೇಲ್ಭಾಗ ತೆರೆದೇ ಉಳಿಯುತ್ತದೆ. ಹಾಗಾಗಿ ಹಳೆಯ ತಗಡಿನಲ್ಲಿ ದುಂಡು ತೂತಿನಿಂದ ಕೆಳಕ್ಕೆ, ಹೊಸ ಬಾಗಿಲಿಗಿಂತ ಸುತ್ತಲೂ ಒಂದಿಷ್ಟು ದೊಡ್ಡದಾಗಿ ಒರಟು ಕಿಂಡಿ ಕತ್ತರಿಸಿ, ಅದರ ಮೇಲೆ ಹೊರಗಿನಿಂದ ಹೊಸ ತಗಡು ಮುಚ್ಚಿ. ಅಳತೆಯ ಜವಾಬ್ದಾರಿ ಹೊಸ ತಗಡಿನದ್ದು. ಒರಟು ಕಿಂಡಿಯ ಯಾವ ಅಂಚೂ ಅದರಾಚೆ ಇಣುಕಬಾರದು. ಬಾಗಿಲನ್ನು ಮನೆಗೆ ಸಿಕ್ಕಿಸಿ, ಹೊಸ ತಗಡನ್ನು ಟೇಪಿನಿಂದ ಹಿಡಿಸಿ, ಜಗಲಿಯಿಂದ ಕೆಳ ಅಂಚಿನ ಎತ್ತರ ನೋಡಿ ಗುರುತು ಹಾಕಿ. ಆಮೇಲಷ್ಟೇ ನಾಲ್ಕು ಮೂಲೆಗೆ ರಿವೆಟ್ ಹೊಡೆಯಿರಿ. ಬಿಡಿ ತಗಡನ್ನು ಮೇಜಿನ ಮೇಲೆ ಅಳೆದು ಹೊಡೆದರೆ ಮನೆಯ ತೋಡಿಗೆ ಸಿಕ್ಕಿಸುವಾಗ ಅರ್ಧ ಇಂಚು ವ್ಯತ್ಯಾಸ ಬರುವುದುಂಟು. ರಿವೆಟ್ಟಿನ ಒಳತುದಿಗಳನ್ನು ಅರದಿಂದ ನುಣುಪು ಮಾಡಿ. ಹೊಸ ತಗಡಿಗೆ ಹೊರಗೆ ಬಿಳಿ ಬಣ್ಣ. ಬಿಸಿಲು ತಟ್ಟದಿರುತ್ತದೆ, ಕಪ್ಪು ಕಿಂಡಿ ದೂರದಿಂದ ಹಕ್ಕಿಗೆ ಎದ್ದು ಕಾಣುತ್ತದೆ.

ಇನ್ನು ಒಳಗಿನ ನೆಲ. ಗೂಡು ನೆನೆಯದಿರಲೆಂದು ಅನೇಕರು ಒಳಗೆ ಒಂದಿಂಚು ಎತ್ತರದ ತಟ್ಟೆ ಇಟ್ಟಿರುತ್ತಾರೆ. ದುಂಡು ತೂತಿದ್ದಾಗ ಅದು ಅಡ್ಡಿಯಾಗಿರಲಿಲ್ಲ. ಈಗ ಬಾಗಿಲಿನ ಎತ್ತರವೇ 30 ಮಿ.ಮೀ.; ಬೆನ್ನಿಗೇ 25 ಮಿ.ಮೀ. ತಟ್ಟೆ ನಿಂತರೆ ಹಕ್ಕಿಗೆ ಉಳಿಯುವುದು ಬೆರಳು ಸಂದಿ. ಬಾಗಿಲಿನ ಹಿಂದೆ ಎರಡಿಂಚಾದರೂ ತಗ್ಗು ಬಿಟ್ಟು ತಟ್ಟೆ ಹಿಂದಕ್ಕೆ ಸರಿಸಿ. ಜಾರುವ ತಗಡಿನ ನೆಲಕ್ಕೆ ಒಳಬದಿಯಲ್ಲಿ ಒರಟು ಪಟ್ಟಿಯೊಂದನ್ನು ಅಂಟಿಸಿದರೆ ತೆವಳುವ ಕಾಲಿಗೆ ಹಿಡಿತ ಸಿಗುತ್ತದೆ.

ಹಳೆಯ ಮನೆಗಳ ಕೋಣೆ ಬರೀ 6 ಇಂಚು ಚೌಕ. ಹೇಗೂ ಮನೆ ಬಿಚ್ಚಿದ್ದೀರಿ, ಎರಡು ಕೋಣೆ ಸೇರಿಸಿ 6ಕ್ಕೆ 12 ಮಾಡಿಬಿಡಿ ಎಂಬುದು ನಮ್ಮ ಸಲಹೆ. ನಡುಗೋಡೆಯಲ್ಲಿ ಹಕ್ಕಿ ಆರಾಮಾಗಿ ದಾಟುವಷ್ಟು ಕಿಂಡಿ ಕೊರೆದು, ಕೆಳಗೆ ಒಂದಿಂಚು ಗೋಡೆ ಉಳಿಸಿ. ಒಂದು ಕೋಣೆಯ ಹೊರಬಾಗಿಲನ್ನು ಪೂರ್ತಿ ಮುಚ್ಚಿ. ಗೂಡು, ತಟ್ಟೆ ಎಲ್ಲ ಒಳಕೋಣೆಗೆ ಹೋಗುತ್ತದೆ. ಮಳೆ ತಾಗದು, ಗೂಬೆಯ ಉಗುರು ಎಟುಕದು, ತಟ್ಟೆಯ ತೊಡಕೂ ಅಲ್ಲಿಗೇ ಬಗೆಹರಿಯುತ್ತದೆ. ಹನ್ನೆರಡು ಕೋಣೆಯ ಮನೆ ಆರಾಯಿತಲ್ಲ ಎಂದು ಕೊರಗಬೇಕಿಲ್ಲ.

ಹಕ್ಕಿಗೆ ರೂಢಿ ಮಾಡಿಸುವುದು

ಮಾರ್ಟಿನ್‌ಗಳೇ ಇನ್ನೂ ಬಾರದ ಹೊಸ ಜಾಗದಲ್ಲಿ ಎಲ್ಲ ಬಾಗಿಲನ್ನೂ ಅರ್ಧಚಂದ್ರ ಮಾಡಿಟ್ಟರೆ ಹುಡುಕಿ ಬಂದ ಜೋಡಿ ಅನುಮಾನಿಸಿ ಹೊರಟುಹೋಗಬಹುದು. ಮೊದಲು ದುಂಡು ಬಾಗಿಲೇ ಇರಲಿ, ಸ್ಟಾರ್ಲಿಂಗ್ ಬಂದರೆ ಓಡಿಸುತ್ತಿರಿ. ಜೋಡಿ ನೆಲೆಯೂರಿ ಗೂಡಿಗೆ ಹಸಿರೆಲೆ ತರತೊಡಗಿದ ಮೇಲೆ, ಅಥವಾ ಮೊಟ್ಟೆ ಇಟ್ಟ ಮೇಲೆ, ಮಾಡಿಟ್ಟುಕೊಂಡ ಬಾಗಿಲನ್ನು ಸಿಕ್ಕಿಸಿ. ಆಗ ಅವು ಗೂಡು ಬಿಟ್ಟು ಹೋಗಲು ಒಪ್ಪುವುದಿಲ್ಲ, ಕಷ್ಟಪಟ್ಟಾದರೂ ಕಲಿಯುತ್ತವೆ. ಬಿಸಿಲೇರಿದ, ಮಳೆಯಿಲ್ಲದ ದಿನ ಆರಿಸಿಕೊಳ್ಳಿ. ದೂರ ನಿಂತು ಗಮನಿಸಿ. ಒಂದು ಗಂಟೆಯಾದರೂ ಹಕ್ಕಿ ಒಳಹೋಗದಿದ್ದರೆ ಹಳೆಯ ಬಾಗಿಲು ಹಾಕಿ, ಮೊಟ್ಟೆ ತಣ್ಣಗಾಗಲು ಬಿಡಬೇಡಿ. ಒಂದೆರಡು ದಿನ ಬಿಟ್ಟು ಮತ್ತೆ ಯತ್ನಿಸಿ. ಹಳೆಯ ವಸಾಹತಿನಲ್ಲಿ ಇಷ್ಟು ತಾಪತ್ರಯವಿಲ್ಲ, ವರ್ಷಕ್ಕೆ ಕೆಲವು ಬಾಗಿಲಿನಂತೆ ಬದಲಿಸುತ್ತ ಹೋಗಬಹುದು.

ಈ ಬಾಗಿಲಿಗೆ ಒಂದು ದೋಷವೂ ಇದೆ. ಒಳಗಿನ ಹಕ್ಕಿ ತಲೆ ಹೊರಹಾಕಿ ಕೂತಾಗ ಒಮ್ಮೊಮ್ಮೆ ರೆಕ್ಕೆಯ ಕೀಲು ತಲೆಯ ಪಕ್ಕದಲ್ಲೇ ಹೊರಬಂದು ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ನೋಡುವವರಿಲ್ಲದಿದ್ದರೆ ಅಲ್ಲೇ ಸಾಯುತ್ತದೆ. ಬಾಗಿಲಿನ ಒಳಬದಿಗೆ, ಸ್ವಲ್ಪ ಅಂತರ ಬಿಟ್ಟು, ಅದೇ ಆಕಾರದ ಇನ್ನೊಂದು ತಗಡು ನಿಲ್ಲಿಸಿ ಪುಟ್ಟ ಸುರಂಗದಂತೆ ಮಾಡಿದರೆ ಇದು ತಪ್ಪುತ್ತದೆ. ಹೇಗೂ ಬಾಗಿಲು ಬದಲಿಸಿದ ವರ್ಷ ದಿನಕ್ಕೊಮ್ಮೆ ಮನೆಯತ್ತ ಕಣ್ಣು ಹಾಯಿಸಿ.

ಅರ್ಧಚಂದ್ರ ತಡೆಯದ ಹಕ್ಕಿಯೊಂದಿದೆ: ನಮ್ಮದೇ ಗುಬ್ಬಿ. ಇಲ್ಲಿ ಮಾರ್ಚ್ 20ರಂದು ಅದರ ಹೆಸರಲ್ಲಿ ದಿನಾಚರಣೆ ಮಾಡಿ ರಟ್ಟಿನ ಗೂಡು ತೂಗುಹಾಕುತ್ತೇವೆ. ಅಲ್ಲಿ ಅದೂ ಹೊರಗಿನಿಂದ ಬಂದದ್ದು, ಮಾರ್ಟಿನ್‌ನ ಮೊಟ್ಟೆ ಒಡೆಯುವ ಕಿಡಿಗೇಡಿ. ಮೈ ಚಿಕ್ಕದಾದ್ದರಿಂದ ಮಾರ್ಟಿನ್ ಹೋಗುವ ಕಡೆಯಲ್ಲೆಲ್ಲ ಗುಬ್ಬಿ ಹೋಗುತ್ತದೆ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾನೂನು ಮಾರ್ಟಿನ್‌ಗೆ ರಕ್ಷಣೆ ಕೊಟ್ಟಿದೆ, ಗುಬ್ಬಿಗೂ ಸ್ಟಾರ್ಲಿಂಗ್‌ಗೂ ಕೊಟ್ಟಿಲ್ಲ. ಗುಬ್ಬಿಯ ಗೂಡು ಒಣಹುಲ್ಲು, ಗರಿಗಳಿಂದ ಗುಮ್ಮಟದಂತೆ ಮೇಲೇರಿರುತ್ತದೆ. ಮಾರ್ಟಿನ್‌ನದು ಚಪ್ಪಟೆ, ಕಡ್ಡಿ, ಮಣ್ಣು, ಮೇಲೆ ಹಸಿರೆಲೆ. ವ್ಯತ್ಯಾಸ ಖಚಿತವಾದ ಮೇಲೆ ಮಾತ್ರ ಗುಬ್ಬಿಯ ಗೂಡು ತೆಗೆಯಿರಿ, ವಾರಕ್ಕೊಮ್ಮೆಯಾದರೂ. ಮಾರ್ಟಿನ್‌ಗಳು ದಕ್ಷಿಣಕ್ಕೆ ಹೊರಟ ಮೇಲೆ ಪ್ರತಿ ಬಾಗಿಲಿಗೂ ಬಿರಡೆ ಜಡಿದುಬಿಡಿ, ಚಳಿಗಾಲವಿಡೀ ಮನೆ ಖಾಲಿ ಬಿಟ್ಟರೆ ವಸಂತಕ್ಕೆ ಗುಬ್ಬಿಯೇ ಯಜಮಾನ.