ಕೇಬಲ್ ಸುದ್ದಿಗೆ ಹೊಸ ರೂಪ: ಬಣ್ಣಕ್ಕಿಂತ ಮೊದಲು ಒತ್ತಕ್ಷರ

ಜಿಲ್ಲಾ ಮಟ್ಟದ ಸುದ್ದಿ ಕಾರ್ಯಕ್ರಮಕ್ಕೆ ಹೊಸ ರೂಪ ಕೊಡೋಣ ಎಂದ ಕೂಡಲೇ ಮಾತು ಲೋಗೊ, ಕೆಂಪು ಬಣ್ಣ, ಗಿರಗಿರ ತಿರುಗುವ ಭೂಗೋಳದ ಕಡೆ ಹೋಗುತ್ತದೆ. ಹಾಸನದಲ್ಲಿ ಕೇಬಲ್‌ಗೆ ಸಂಜೆ ಬುಲೆಟಿನ್ ಮಾಡುವ ನಾವು ಅದನ್ನೆಲ್ಲ ಕೊನೆಗಿಟ್ಟುಕೊಂಡೆವು. ನೋಡುವವರು ಕಾರ್ಯಕ್ರಮದ ಗುರುತು ಹಿಡಿಯುವುದು ಎರಡರಿಂದ: ಕೆಳಗಿನ ಪಟ್ಟಿಯ ಅಕ್ಷರ, ಅಡುಗೆಮನೆವರೆಗೂ ಕೇಳುವ ಆರಂಭದ ಸಂಗೀತ. ಮೊದಲನೆಯದನ್ನು ಪೂರ್ತಿ ಬದಲಿಸಿದೆವು, ಎರಡನೆಯದನ್ನು ಆದಷ್ಟು ಉಳಿಸಿಕೊಂಡೆವು.

2006ರಲ್ಲಿ ಟಿವಿ9 ಬಂದ ಮೇಲೆ ಊರೂರಿನ ಕೇಬಲ್ ಸುದ್ದಿಯೂ ಅದೇ ವೇಷ ತೊಟ್ಟಿತು. ಎಲ್ಲೆಲ್ಲೂ ಕೆಂಪು, ಎಲ್ಲವೂ ಬ್ರೇಕಿಂಗ್. ಆದರೆ ಬೆಂಗಳೂರಿನ ಚಾನೆಲ್‌ನ ಚಿತ್ರ ಮನೆಗೆ ತಲುಪುವ ಗುಣಮಟ್ಟವೇ ಬೇರೆ, ನಮ್ಮದೇ ಬೇರೆ. 2015ರ ಡಿಸೆಂಬರ್ 31ರ ಗಡುವಿನ ಮೂರನೇ ಹಂತದ ಡಿಜಿಟಲೀಕರಣದ ನಂತರ ಸ್ಥಳೀಯ ಚಾನೆಲ್‌ಗಳೂ ಎನ್‌ಕೋಡರ್ (ಚಿತ್ರವನ್ನು ಕುಗ್ಗಿಸಿ ಡಿಜಿಟಲ್ ಸಿಗ್ನಲ್ ಮಾಡುವ ಯಂತ್ರ) ದಾಟಿಯೇ ಹೋಗಬೇಕು. ಅಲ್ಲಿ ನಮಗೆ ಸಿಗುವುದು 720×576ರ ಎಸ್‌ಡಿ, ಅದೂ ಬಿಗಿ ಬಿಟ್‌ರೇಟ್‌ನಲ್ಲಿ. ಸ್ಟುಡಿಯೋದ ಎಚ್‌ಡಿ ಮಾನಿಟರ್ ನೋಡಿ ವಿನ್ಯಾಸ ಒಪ್ಪಿಕೊಂಡರೆ ಕೆಟ್ಟಿರಿ. ಎನ್‌ಕೋಡರ್ ದಾಟಿ ಬಂದ ಸಿಗ್ನಲ್ಲನ್ನು ಮಾಮೂಲಿ ಸೆಟ್‌ಟಾಪ್ ಬಾಕ್ಸ್‌ನಲ್ಲಿ, 24 ಇಂಚಿನ ಟಿವಿಯಲ್ಲಿ, ಎಂಟು ಅಡಿ ದೂರ ಕೂತು ನೋಡಿ ಒಪ್ಪಿಕೊಳ್ಳಬೇಕು.

ಈಗ ಅಕ್ಷರದ ವಿಷಯ. ದುಡ್ಡು ಕೊಟ್ಟು ತರುವ ಆಸ್ಟನ್ (ಪರದೆಯ ಕೆಳಗಿನ ಅಕ್ಷರಪಟ್ಟಿ) ಟೆಂಪ್ಲೇಟ್‌ಗಳೆಲ್ಲ ಇಂಗ್ಲಿಷ್ ಅಳತೆಯವು. ಇಂಗ್ಲಿಷ್ ಅಕ್ಷರ ಗೆರೆಯಿಂದ ಕೆಳಗೆ ಸ್ವಲ್ಪವೇ ಇಳಿಯುತ್ತದೆ, ನಮ್ಮ ಒತ್ತು ಹೆಚ್ಚುಕಡಿಮೆ ಅಕ್ಷರದ ಅರ್ಧದಷ್ಟು ಇಳಿಯುತ್ತದೆ. ಟೆಂಪ್ಲೇಟ್‌ನ ಮಾಸ್ಕ್ ಅದನ್ನು ಕತ್ತರಿಸುತ್ತದೆ. ‘ಹಳ್ಳಿಗೆ ರಸ್ತೆ’ ಎಂದು ಬರೆದದ್ದು ‘ಹಳಿಗೆ ರಸೆ’ ಎಂದು ಕಾಣುತ್ತದೆ. 1080ರ ಚೌಕಟ್ಟಿನಲ್ಲಿ ನಾವು ಇಟ್ಟುಕೊಂಡ ಅಳತೆ ಇದು: ಮುಖ್ಯ ಸಾಲು 60 ಪಿಕ್ಸೆಲ್, ಎರಡನೇ ಸಾಲು 42, ಪಟ್ಟಿಯ ಎತ್ತರ ಅಕ್ಷರದ ಗಾತ್ರದ 1.7 ಪಟ್ಟು. ಅಂದರೆ 60ಕ್ಕೆ 102. ಅಕ್ಷರವನ್ನು ಪಟ್ಟಿಯ ನಟ್ಟನಡುವೆ ಕೂರಿಸಬೇಡಿ, ಹತ್ತು ಪಿಕ್ಸೆಲ್ ಮೇಲೆತ್ತಿ. ಒತ್ತಿಲ್ಲದ ಸಾಲು ಬಂದಾಗ ಸ್ವಲ್ಪ ಮೇಲೇರಿದಂತೆ ಕಾಣುತ್ತದೆ, ಕಾಣಲಿ.

ಪರೀಕ್ಷೆಗೆ ‘ರಾಷ್ಟ್ರೀಯ ವೈಶಿಷ್ಟ್ಯ’, ‘ಸಾಮರ್ಥ್ಯ’, ‘ಸ್ತ್ರೀಶಕ್ತಿ’ ಸಾಕು. ಇವು ಸರಿಯಾಗಿ ಕೂತರೆ ಉಳಿದವೂ ಕೂರುತ್ತವೆ. ಪರದೆಯ ಮೇಲ್ಭಾಗದಲ್ಲಿ ಊರಿನ ಹೆಸರು ತೋರಿಸುವ ಸಣ್ಣ ಡಬ್ಬಿಯ ಅಗಲ ನಿರ್ಧರಿಸುವಾಗ ‘ಆಲೂರು’ ಬರೆದು ನೋಡಿ ಖುಷಿಪಡುವವರೇ ಹೆಚ್ಚು. ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ‘ಹೊಳೆನರಸೀಪುರ’ ಮತ್ತು ‘ಚನ್ನರಾಯಪಟ್ಟಣ’ ಹಿಡಿಸುವಷ್ಟು ಡಬ್ಬಿ ಮಾಡಿ. ಎರಡನೆಯದರಲ್ಲಿ ನ್ನ, ಟ್ಟ ಎರಡೂ ಇರುವುದರಿಂದ ಎತ್ತರವೂ ಅಲ್ಲೇ ತೀರ್ಮಾನವಾಗುತ್ತದೆ.

ಅಗಲ ಸಾಲದಾಗ ಸಾಫ್ಟ್‌ವೇರ್ ತಾನೇ ಅಕ್ಷರವನ್ನು ಹಿಂಡುವ ವ್ಯವಸ್ಥೆ ಇರುತ್ತದೆ. ಅದನ್ನು ಆಫ್ ಮಾಡಿ. 80 ಶೇಕಡಕ್ಕಿಂತ ಕೆಳಗೆ ಹಿಂಡಿದರೆ ಪ, ವ, ಮಗಳ ಹೊಟ್ಟೆ ಮುಚ್ಚಿಕೊಂಡು ಎಲ್ಲ ಒಂದೇ ಆಗುತ್ತವೆ. ಬದಲಿಗೆ ಅನೇಕ್ ಕನ್ನಡ ಫಾಂಟ್ ಬಳಸಬಹುದು; ಅದರಲ್ಲಿ ಕಿರಿದಾದ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ, ಉಚಿತವಾಗಿಯೂ ಸಿಗುತ್ತದೆ. ಪ್ರಸಾರಕ್ಕೆ ಬಿಡುವ ಕೆಲವು ಪ್ಲೇಔಟ್ ಸಾಫ್ಟ್‌ವೇರ್‌ಗಳಿಗೆ ವೇರಿಯಬಲ್ ಫಾಂಟ್ (ಎಲ್ಲ ತೂಕ, ಅಗಲ ಒಂದೇ ಫೈಲಿನಲ್ಲಿರುವುದು) ಅರ್ಥವಾಗುವುದಿಲ್ಲ, ಪ್ರತಿ ತೂಕದ ಬಿಡಿ ಫೈಲ್‌ಗಳನ್ನು ಹಾಕಿಕೊಳ್ಳಿ. ಸ್ಕ್ರೋಲ್‌ಗೆ ನೋಟೊ ಸಾನ್ಸ್ ಕನ್ನಡದ ಮೀಡಿಯಂ ತೂಕ ಚೆನ್ನಾಗಿ ಕೂರುತ್ತದೆ.

ಹಳೆಯ ನುಡಿ, ಬರಹ ಫಾಂಟ್‌ಗಳಿಂದ ಯೂನಿಕೋಡ್‌ಗೆ ಬರುವಾಗ ತಲೆನೋವು ಬೇರೆ ರೀತಿಯದು. ಪರಿವರ್ತಕದಲ್ಲಿ ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಎಂದು ತಿಳಿಸುವ, ಕಣ್ಣಿಗೆ ಕಾಣದ ಜೋಡಕಗಳು ಬಿದ್ದುಹೋಗುತ್ತವೆ. ‘ರ‍್ಯಾಲಿ’ ಎಂದದ್ದು ಅರ್ಕಾವೊತ್ತಿನ ‘ರ್ಯಾಲಿ’ ಆಗುತ್ತದೆ, ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಬರುತ್ತದೆ. ನಮ್ಮ ಡೆಸ್ಕ್‌ನಲ್ಲಿ ಇಂಥ ಪದಗಳ ಪಟ್ಟಿಯೊಂದಿದೆ. ಸುದ್ದಿ ಸೇವ್ ಆಗುವ ಮೊದಲು ಹುಡುಕಿ ಬದಲಿಸುವ ಸಣ್ಣ ಸ್ಕ್ರಿಪ್ಟ್ ಓಡುತ್ತದೆ. ವಿಡಿಯೋ ಸಂಕಲನದ ಆಫ್ಟರ್ ಎಫೆಕ್ಟ್ಸ್, ಪ್ರೀಮಿಯರ್ ಆವೃತ್ತಿಗಳಲ್ಲಿ ಆಯ್ಕೆ ಇದ್ದರೆ ಪ್ರಿಫರೆನ್ಸಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ನನ್ನು ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಎಂದು ಬದಲಿಸಿರಬೇಕು. ಇಲ್ಲದಿದ್ದರೆ ಒತ್ತು ಪಕ್ಕಕ್ಕೆ ಬಿದ್ದು ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಮರೆಯುವ ಸೆಟ್ಟಿಂಗ್ ಇದೇ.

ಅಕ್ಷರ ಎಲ್ಲಿ ನಿಲ್ಲಬೇಕು ಎನ್ನುವುದು ಲೆಕ್ಕದ ಪ್ರಶ್ನೆ. ಚಿತ್ರ 16:9ಕ್ಕೆ ಬದಲಾದರೂ ಹಳೆಯ ಡಬ್ಬಾ ಟಿವಿಗಳಿರುವ ಮನೆಗಳಿವೆ. ಅಲ್ಲಿ ಬಾಕ್ಸ್ ಪ್ಯಾನ್-ಸ್ಕ್ಯಾನ್‌ನಲ್ಲಿದ್ದರೆ ಎರಡೂ ಬದಿ ಕತ್ತರಿಸಿಹೋಗುತ್ತದೆ. 1920 ಪಿಕ್ಸೆಲ್ ಅಗಲದಲ್ಲಿ ಉಳಿಯುವುದು ನಡುವಿನ 1440. ಅದರಲ್ಲೂ ಅಂಚಿಗೆ ಐದೈದು ಶೇಕಡ ಬಿಟ್ಟರೆ 312ರಿಂದ 1608ರವರೆಗೆ, ಅಂದರೆ 1296 ಪಿಕ್ಸೆಲ್. ಪಟ್ಟಿಯ ಬಣ್ಣ ಅಂಚಿನವರೆಗೆ ಹರಡಲಿ, ಅಕ್ಷರ ಮಾತ್ರ ಈ 1296ರ ಒಳಗಿರಲಿ. 60ರ ಗಾತ್ರದಲ್ಲಿ ಇಲ್ಲಿ ಸುಮಾರು 25 ಅಕ್ಷರ ಹಿಡಿಸುತ್ತವೆ. ಹಾಗಾಗಿ ಶೀರ್ಷಿಕೆ ಐದು ಪದ ದಾಟಬಾರದೆಂಬ ನಿಯಮ ತಾನಾಗಿಯೇ ಬಂತು, ಬರವಣಿಗೆಯೂ ಚುರುಕಾಯಿತು.

ಇಂಟರ್‌ಲೇಸ್ಡ್ ಚಿತ್ರದಲ್ಲಿ (ಬೆಸ, ಸಮ ಗೆರೆಗಳು ಸರದಿಯಲ್ಲಿ ಬರುತ್ತವೆ, ಒಂದೊಂದು ಸರದಿ ಒಂದು ಫೀಲ್ಡ್, ಸೆಕೆಂಡಿಗೆ 50) ಒಂದು ಪಿಕ್ಸೆಲ್ ದಪ್ಪದ ಅಡ್ಡಗೆರೆ ಪಟಪಟ ಮಿನುಗುತ್ತದೆ, ನಾಲ್ಕಕ್ಕಿಂತ ತೆಳ್ಳಗೆ ಬೇಡ. ಸ್ಕ್ರೋಲ್‌ನ ವೇಗ ಪ್ರತಿ ಫೀಲ್ಡ್‌ಗೆ ಪೂರ್ಣಾಂಕ ಪಿಕ್ಸೆಲ್ ಆಗಿರಬೇಕು. ನಾಲ್ಕು ಪಿಕ್ಸೆಲ್ ಇಟ್ಟರೆ ಸೆಕೆಂಡಿಗೆ 200, ಒಂದು ಅಕ್ಷರ ಪರದೆ ದಾಟಲು ಹತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ. ಐದಾದರೂ ಓದಬಹುದು. 220 ಎಂದು ಅಂದಾಜಿಗೆ ಟೈಪ್ ಮಾಡಿದರೆ ಅಕ್ಷರ ನಡುಗುತ್ತದೆ, ಆಮೇಲೆ ಕಂಪ್ಯೂಟರ್ ನಿಧಾನ ಎಂದು ಬೈಯುತ್ತಾರೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಗ್ನಲ್‌ನಲ್ಲಿ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಕಡಿಮೆ ಇರುತ್ತದೆ, ಹಾಗಾಗಿ ಕಪ್ಪು ಅಥವಾ ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಖಂಡಿತ ಹರಡಿಕೊಳ್ಳುತ್ತದೆ. ಕಡು ಹಸಿರಿನ ಮೇಲೆ ಬಿಳಿ, ಮುಖ್ಯಾಂಶಕ್ಕೆ ಅರಿಶಿನ ಬಣ್ಣ. ಕೆಂಪನ್ನು ನಿಜವಾದ ತುರ್ತಿಗೆ ಮೀಸಲಿಟ್ಟಿದ್ದೇವೆ. ಸಕಲೇಶಪುರ ಕಡೆ ಆನೆ ಊರೊಳಗೆ ಬಂದಿದೆ, ಘಾಟಿ ರಸ್ತೆ ಬಂದ್ ಆಗಿದೆ ಎನ್ನುವಂಥದ್ದಕ್ಕೆ. ಪಟ್ಟಿಯೊಳಗೆ ಸದಾ ಚಲಿಸುವ ಹಿನ್ನೆಲೆ ಬೇಡವೇ ಬೇಡ. ಎನ್‌ಕೋಡರ್ ತನ್ನ ಬಿಟ್‌ಗಳನ್ನೆಲ್ಲ ಆ ಚಲನೆಗೆ ಸುರಿದು ನಿರೂಪಕಿಯ ಮುಖವನ್ನು ಚೌಕಚೌಕ ಮಾಡಿಬಿಡುತ್ತದೆ.

ಲೋಗೊಗೆ ಹೊಯ್ಸಳ ದೇಗುಲದ ಜಗತಿಯ (ಕಟ್ಟೆಯ) ನಕ್ಷತ್ರಾಕಾರ ಇಟ್ಟುಕೊಂಡಿದ್ದೇವೆ. ಬೇಲೂರು, ಹಳೇಬೀಡಿನ ದೃಶ್ಯ ಬಳಸುವುದಾದರೆ ಅವು ಸಂರಕ್ಷಿತ ಸ್ಮಾರಕಗಳು, ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ರೇಖೆಯ ಆಕಾರಕ್ಕೆ ಆ ತಾಪತ್ರಯವಿಲ್ಲ. ಆದರೆ ಎಚ್‌ಡಿಯಲ್ಲಿ 120 ಪಿಕ್ಸೆಲ್ ಇರುವ ಲೋಗೊ ಎಸ್‌ಡಿಗೆ ಇಳಿದಾಗ ಅಗಲ 45, ಎತ್ತರ 64 ಪಿಕ್ಸೆಲ್ ಅಷ್ಟೇ. ಹದಿನಾರು ಮೂಲೆಯ ನಕ್ಷತ್ರ ಅಲ್ಲಿ ಮುದ್ದೆಯಾಗುತ್ತದೆ, ಎಂಟು ಮೂಲೆ ನಿಲ್ಲುತ್ತದೆ.

ಸೆಟ್ ವಿಚಾರ. ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಕೂಡಿಸುವ ಹಸಿರು ಪರದೆಯಾದರೆ ನಿರೂಪಕರು ಅದರಿಂದ ಆರೇಳು ಅಡಿ ಮುಂದೆ ಕೂರಬೇಕು, ಇಲ್ಲದಿದ್ದರೆ ಕೆನ್ನೆಗೆ ಹಸಿರು ಹೊಡೆಯುತ್ತದೆ. ಪರದೆಗೆ ಬೇರೆ ದೀಪ, ಮುಖಕ್ಕೆ ಬೇರೆ ದೀಪ, ಎಲ್ಲವೂ 5600 ಕೆಲ್ವಿನ್. ಕ್ಯಾಮೆರಾ ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದಕ್ಕೆ ಹೊಂದದ ಶಟರ್ ಇಟ್ಟರೆ ಅಗ್ಗದ ಎಲ್‌ಇಡಿ ಮಿಣುಕುತ್ತದೆ. ಹಸಿರು ಸೀರೆ ಬೇಡ ಎಂದು ಎಲ್ಲರೂ ನೆನಪಿಡುತ್ತಾರೆ, ಹಸಿರು ಗಾಜಿನ ಬಳೆ ಮರೆಯುತ್ತಾರೆ. ಕಾಗದ ತಿರುವುವಾಗ ಮಣಿಕಟ್ಟಿನಲ್ಲಿ ತೂತು ಬಿದ್ದು ಹಿಂದಿನ ಗೋಪುರ ಕಾಣುತ್ತದೆ. ಸಣ್ಣ ಚೌಕುಳಿಯ ಸೀರೆ, ತೆಳು ಗೀರಿನ ಅಂಗಿಯಲ್ಲಿ ಬಣ್ಣದ ಅಲೆ ಏಳುತ್ತದೆ. ನಿಜವಾದ ಮರದ ಮೇಜು, ಹಿಂದೆ ಬಣ್ಣ ಬಳಿದ ಗೋಡೆ ಇಟ್ಟುಕೊಂಡರೆ ಈ ಕಷ್ಟಗಳಲ್ಲಿ ಮುಕ್ಕಾಲು ಇರುವುದಿಲ್ಲ. ಚಿಕ್ಕ ಚಾನೆಲ್‌ಗೆ ವರ್ಚುವಲ್ ಸೆಟ್ ದಂಡ ಎಂದೇ ನಮ್ಮ ಅಭಿಪ್ರಾಯ.

ಸಂಗೀತದಲ್ಲಿ ಹಳೆಯ ರಾಗದ ಮೊದಲ ನಾಲ್ಕು ಸ್ವರ ಹಾಗೇ ಇರಲಿ, ವಾದ್ಯ ಬದಲಾಗಲಿ. ಆರಂಭದ ದೃಶ್ಯಮಾಲೆ (ಮೊಂಟಾಜ್) 20 ಸೆಕೆಂಡಿನಿಂದ 7ಕ್ಕೆ ಇಳಿದರೂ ಆ ನಾಲ್ಕು ಸ್ವರ ಕೇಳಿದರೆ ಜನ ಟಿವಿ ಮುಂದೆ ಬರುತ್ತಾರೆ. ಡೊಳ್ಳು ಸ್ಟುಡಿಯೋ ಸ್ಪೀಕರಿನಲ್ಲಿ ಭರ್ಜರಿಯಾಗಿ ಕೇಳುತ್ತದೆ, ಟಿವಿಯ ಪುಟ್ಟ ಸ್ಪೀಕರಿಗೆ ಆ ತಗ್ಗುದನಿ ದಕ್ಕುವುದಿಲ್ಲ. ತಮಟೆ ದಕ್ಕುತ್ತದೆ. ಹಳೆಯ ಟ್ಯೂನ್‌ನಲ್ಲಿ ಸಿನಿಮಾ ಸಂಗೀತದ ತುಣುಕು ಸೇರಿದ್ದರೆ ತೆಗೆದುಹಾಕಿ. ಕೇಬಲ್‌ನಲ್ಲಿ ಯಾರೂ ಕೇಳದಿದ್ದರೂ ಯೂಟ್ಯೂಬ್‌ನಲ್ಲಿ ಹಕ್ಕಿನ ತಕರಾರು ಬರುತ್ತದೆ. ಹೊಸದಾಗಿ ಮಾಡಿಸುವಾಗ ಹಕ್ಕನ್ನು ಬರಹದಲ್ಲಿ ಪಡೆಯಿರಿ. ಮುಖ್ಯಾಂಶದ ಕೆಳಗಿನ ಸಂಗೀತ ದನಿಗಿಂತ 18 ಡಿಬಿ ಕೆಳಗಿರಲಿ. ಒಟ್ಟು ಕಾರ್ಯಕ್ರಮ ಕೇಬಲ್‌ಗೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ದನಿಮಟ್ಟದ ಅಳತೆ). ಯೂಟ್ಯೂಬ್‌ಗೆ ಮೈನಸ್ 14ರ ಬೇರೆ ಕಾಪಿ.

ಜಾಗ ಬದಲಿಸಲೇಬಾರದ ಒಂದು ಭಾಗವಿದೆ: ನೀರು ಮತ್ತು ದರದ ಫಲಕ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಾಮರ್ಥ್ಯ 37.10 ಟಿಎಂಸಿ, ಈ ಎರಡು ಅಂಕಿ ಫಲಕದಲ್ಲಿ ಸ್ಥಿರ. ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ. ಮುಂದಿನ ಫಲಕದಲ್ಲಿ 50 ಕೆಜಿ ಮೂಟೆಗೆ ಎಪಿ, ಎಸಿ, ಆರ್‌ಪಿ, ಆರ್‌ಸಿ ಕಾಫಿ (ಅರೇಬಿಕಾ, ರೊಬಸ್ಟಾಗಳ ಪಾರ್ಚ್‌ಮೆಂಟ್, ಚೆರಿ), ಕೆಜಿಗೆ ಕಾಳುಮೆಣಸು, ಕ್ವಿಂಟಲ್‌ಗೆ ಅರಸೀಕೆರೆ ಕೊಬ್ಬರಿ. ಅಂಕಿಗೆ ಎಲ್ಲವೂ ಸಮಾನ ಅಗಲವಿರುವ ರೂಪ ಬಳಸಿ, ಬಲಕ್ಕೆ ಜೋಡಿಸಿ. ದರ ನಿನ್ನೆಯದಾದರೆ ದಿನಾಂಕ ಹಾಕಿ. ಒಂದೊಂದು ಫಲಕ ಕನಿಷ್ಠ 12 ಸೆಕೆಂಡ್ ನಿಲ್ಲಲಿ, ಜನ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆ ಫೋಟೊದಲ್ಲಿ ಕಾರ್ಯಕ್ರಮದ ಹೆಸರು ಬೀಳುವಂತೆ ಫಲಕದ ಒಳಗೇ ಹೆಸರಿಟ್ಟರೆ ಪುಕ್ಕಟೆ ಪ್ರಚಾರ.

ಹೊಸ ರೂಪ ಬಂದ ದಿನವೇ ಎದುರಾಗುವುದು ಹಳೆಯ ದೃಶ್ಯಗಳ ಸಮಸ್ಯೆ. 2006ರ ಮಹಾಮಸ್ತಕಾಭಿಷೇಕದ ಟೇಪಿನಲ್ಲಿ ಹಳೆಯ ಲೋಗೊ ಅಚ್ಚಾಗಿರುತ್ತದೆ. 4:3 ಚಿತ್ರವನ್ನು ಪರದೆ ತುಂಬ ಹಿಗ್ಗಿಸಿ ಕತ್ತರಿಸಿದರೆ ಎತ್ತರದ ಕಾಲುಭಾಗ ಹೋಗುತ್ತದೆ. ಲೋಗೊ, ಹಳೆಯ ಪಟ್ಟಿಯ ಜೊತೆ ಗೊಮ್ಮಟನ ತಲೆಯೂ ಹೋಗುತ್ತದೆ. ಅಡ್ಡಕ್ಕೆ ಎಳೆದರೆ ಎಲ್ಲರೂ ದಪ್ಪ. ಮೊದಲು ಬಿಡಬ್ಲ್ಯುಡಿಐಎಫ್ ಫಿಲ್ಟರ್‌ನಲ್ಲಿ ಡಿಇಂಟರ್‌ಲೇಸ್ ಮಾಡಿ, 720×576ನ್ನು 768×576ರ ಅನುಪಾತಕ್ಕೆ ತಂದು, 1440 ಅಗಲಕ್ಕೆ ಹಿಗ್ಗಿಸಿ. ಎರಡೂ ಬದಿ ಉಳಿಯುವ 240 ಪಿಕ್ಸೆಲ್‌ಗೆ ಪಟ್ಟಿಯದೇ ಕಡು ಹಸಿರು ತುಂಬಿ, ‘ಸಂಗ್ರಹ, 2006’ ಎಂಬ ಪಟ್ಟಿಯನ್ನು ಆ ಹಸಿರಿನ ಮೇಲಲ್ಲ, ಚಿತ್ರದ ಒಳಗೇ ಇಡಿ. ಬದಿಯಲ್ಲಿ ಅದೇ ಚಿತ್ರವನ್ನು ಮಸುಕು ಮಾಡಿ ಹಾಕುವ ಅಭ್ಯಾಸ ಚಂದವೂ ಅಲ್ಲ, ಬಿಟ್‌ರೇಟೂ ತಿನ್ನುತ್ತದೆ.

ಮುಂದಿನವರಿಗೆ ಈ ಪಾಡು ಬಾರದಿರಲು ದಿನಾ ಎರಡು ರೆಕಾರ್ಡಿಂಗ್ ಮಾಡಬೇಕು. ಪಟ್ಟಿ-ಲೋಗೊ ಸಹಿತ ಪ್ರಸಾರದ್ದು ಒಂದು, ಏನೂ ಇಲ್ಲದ ಶುದ್ಧ ಚಿತ್ರ ಇನ್ನೊಂದು. ವಿಮಿಕ್ಸ್ ಸಾಫ್ಟ್‌ವೇರ್ ಇದ್ದರೆ ಮಲ್ಟಿಕಾರ್ಡರ್‌ನಲ್ಲಿ ಕ್ಯಾಮೆರಾ ಇನ್‌ಪುಟ್‌ಗಳನ್ನು ಬೇರೆಯಾಗಿ ಬರೆಸಬಹುದು. ಹಾರ್ಡ್‌ಡಿಸ್ಕ್ ತುಂಬಿತೆಂದು ಅಳಿಸುವುದಾದರೆ ಪ್ರಸಾರದ್ದನ್ನು ಅಳಿಸಿ, ಶುದ್ಧ ಚಿತ್ರವನ್ನು ಉಳಿಸಿ.