ಒಂಬತ್ತನೇ ಕ್ಲಾಸಿನ ಹುಡುಗ ಮೂರು ದಿನ ಬರಲಿಲ್ಲ ಅಂದ್ರೆ ಏನು ಮಾಡಬೇಕು?

ಯಾರೂ ಒಂದೇ ದಿನಕ್ಕೆ ಶಾಲೆ ಬಿಡುವುದಿಲ್ಲ. ಮೊದಲು ಸೋಮವಾರ ತಪ್ಪಿಸುತ್ತಾರೆ, ಆಮೇಲೆ ಸಂತೆ ದಿನ, ಹತ್ತಿ ಬಿಡಿಸುವ ಕಾಲ ಬಂದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಮೂರು ಆಬ್ಸೆಂಟ್ ಕಂಡರೆ ಅವತ್ತೇ ಸಂಜೆ ಮನೆಗೆ ಹೋಗಿ. ಫೋನ್ ಮಾಡಿದರೆ "ಜ್ವರ ಸಾರ್" ಅಂತಾರೆ, ಅಷ್ಟೇ. ಜಗಲಿ ಮೇಲೆ ಕೂತು ಟೀ ಕುಡಿಯುವಾಗಲೇ ನಿಜ ಹೊರಗೆ ಬರುವುದು: ಅಪ್ಪನ ಸಾಲ, ಪುಟ್ಟ ತಂಗಿಯನ್ನು ನೋಡಿಕೊಳ್ಳೋರಿಲ್ಲ, ಇಲ್ಲಾ ಗಣಿತದ ಮೇಷ್ಟ್ರ ಬೈಗುಳ (ನಮ್ಮ ತಪ್ಪೂ ಇರುತ್ತೆ, ಅಲ್ವಾ?).

ಗುಳೆ ಹೋಗುವ ಮನೆಯಾದರೆ ಅವರು ಹೊರಡುವ ಮೊದಲೇ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ನಲ್ಲಿ ಸೀಟು ವಿಚಾರಿಸಿ. ಹುಡುಗಿಗೆ ಮದುವೆ ಮಾತು ನಡೆದಿದೆಯಾ? 18 ತುಂಬದೆ ಮದುವೆ ಮಾಡುವುದು ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಎಸ್ಸೆಸ್ಸೆಲ್ಸಿ ಫೇಲಾದವರನ್ನಂತೂ ಸುಮ್ನೆ ಬಿಡಬೇಡಿ. ಅದೇ ವರ್ಷ ಪರೀಕ್ಷೆ-2 (ಎರಡನೇ ಅವಕಾಶದ ಪರೀಕ್ಷೆ) ಬರೆಯಬಹುದು, ಫಲಿತಾಂಶ ಬಂದ ವಾರದಲ್ಲೇ ಕರೆಸಿ ಅರ್ಜಿ ತುಂಬಿಸಿ, ಯಾಕಂದ್ರೆ ಗ್ಯಾರೇಜಿಗೆ ಸೇರಿ ಕೈಗೆ ನಾಲ್ಕು ಕಾಸು ಬಂದ ಮೇಲೆ ಯಾವ ಹುಡುಗ ವಾಪಸ್ ಬರ್ತಾನೆ ಹೇಳಿ?